ಸಿಎಲ್‌ಎಲ್ ಇದ್ದವರ ಎಚ್‌ಬಿ ಇಳಿಯುತ್ತಲೇ ಇದ್ದರೆ ಏನು ನೋಡಬೇಕು, ಏನು ಕೇಳಬೇಕು

ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್ ಸಿಎಲ್‌ಎಲ್ ಇದ್ದವರ ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) ಇಳಿದರೆ ಮನೆಯವರು ಮೊದಲು ಹುಡುಕುವುದು ದಾಳಿಂಬೆ, ಬೀಟ್‌ರೂಟ್. ನೀವು ಮೊದಲು ರಿಪೋರ್ಟಿನಲ್ಲಿ ರೆಟಿಕ್ಯುಲೋಸೈಟ್ ಅನ್ನೋ ಸಾಲು ಹುಡುಕಿ. ಮಾಮೂಲಿ ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆ) ಸಾಮಾನ್ಯವಾಗಿ ಅದು ಇರುವುದಿಲ್ಲ, ಬೇರೆ ಬರೆಸಬೇಕು.

ಕಲಬುರಗಿಯ ನಮ್ಮ ಮನೆಯಲ್ಲಿ ಸಿಎಲ್‌ಎಲ್ ಇರುವ ಅಪ್ಪ ಮಹಡಿ ಹತ್ತುತ್ತಾ ನಡುವೆ ನಿಂತು, "ಮೆಟ್ಟಲ ಎತ್ತರ ಮಾಡ್ಯಾರೇನವ್ವ?" ಅಂದರು. ಬಿಸಿಲಿಗೆ ಸುಸ್ತು ಅಂದುಕೊಳ್ಳುವುದು ಸುಲಭ, ನಮ್ಮ ಕಡೆಯ ಮೇ ತಿಂಗಳು ಅಂದರೆ ಗೊತ್ತಲ್ವಾ. ಆದರೆ ದಮ್ಮು ಹತ್ತುವುದು, ಕಣ್ಣಿನ ಕೆಳ ರೆಪ್ಪೆ ಎಳೆದರೆ ಒಳಗೆ ಬಿಳಿಚಿರುವುದು ಬಿಸಿಲಿನ ಲಕ್ಷಣವಲ್ಲ.

ರೆಟಿಕ್ಯುಲೋಸೈಟ್, ಚಿಕ್ಕದಾಗಿ ರೆಟಿಕ್, ಅಂದರೆ ಮೂಳೆಯೊಳಗಿನ ಮಜ್ಜೆಯಿಂದ ಆಗಷ್ಟೇ ಹೊರಬಿದ್ದ ಎಳೆ ಕೆಂಪು ಕಣ. ಕಣಗಳು ಒಡೆದು ರಕ್ತ ಕಡಿಮೆಯಾಗುತ್ತಿದ್ದರೆ ರೆಟಿಕ್ ಸಾಮಾನ್ಯವಾಗಿ ಏರುತ್ತದೆ. ಜೊತೆಗೆ ಕಣ ಒಡೆದಾಗ ಏರುವ ಬಿಲಿರುಬಿನ್, ಎಲ್‌ಡಿಎಚ್ ಕೂಡ ಜಾಸ್ತಿ, ಕೆಂಪು ಕಣಕ್ಕೆ ಪ್ರತಿಕಾಯ ಅಂಟಿದೆಯಾ ಅಂತ ನೋಡುವ ಕೂಂಬ್ಸ್ ಪರೀಕ್ಷೆ ಹೆಚ್ಚಾಗಿ ಪಾಸಿಟಿವ್. ಮಜ್ಜೆ ತುಂಬ ಕ್ಯಾನ್ಸರ್ ಕಣಗಳೇ ತುಂಬಿದ್ದರೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಕೂಡ ಇಳಿದಿರುತ್ತದೆ. ಅಪ್ಪನ ಪ್ಲೇಟ್‌ಲೆಟ್ ಚೆನ್ನಾಗಿತ್ತು, ಎಚ್‌ಬಿ ಮಾತ್ರ ಕುಸಿದಿತ್ತು, ರೆಟಿಕ್ ಶೇ. 1ಕ್ಕಿಂತ ಎಷ್ಟೋ ಕೆಳಗೆ. ಹೀಗಿದ್ದರೆ "ಪ್ಯೂರ್ ರೆಡ್ ಸೆಲ್ ಅಪ್ಲೇಸಿಯಾ ಇರಬಹುದಾ?" ಅಂತ ಡಾಕ್ಟರನ್ನು ನೇರವಾಗಿ ಕೇಳಿ. ತೊಗರಿ ಹೊಲದಲ್ಲಿ ಮೊಳಕೆಯನ್ನೇ ಚಿವುಟಿ ಹಾಕಿದ ಹಾಗೆ, ಕೆಂಪು ಕಣ ಹುಟ್ಟುವ ಹಂತದಲ್ಲೇ ದೇಹದ ರಕ್ಷಣಾ ಕಣಗಳು ತಡೆಯುತ್ತವೆ. ಪಾರ್ವೊವೈರಸ್ ಬಿ19 ಅನ್ನೋ ವೈರಸ್ಸಿನಿಂದಲೂ ಹೀಗಾಗುತ್ತದೆ. ಅದರ ಚಿಕಿತ್ಸೆ ಬೇರೆ, ಹಾಗಾಗಿ ಪಿಸಿಆರ್ ಪರೀಕ್ಷೆಯನ್ನೂ ಕೇಳಿ. ಖಚಿತವಾಗುವುದು ಸೊಂಟದ ಮೂಳೆಯಿಂದ ತೆಗೆಯುವ ಮಜ್ಜೆ ಪರೀಕ್ಷೆಯಲ್ಲಿ.

ಕಬ್ಬಿಣದ ಮಾತ್ರೆ ನೀವಾಗಿಯೇ ಕೊಡಬೇಡಿ. ಏರಿಸಿದ ಒಂದೊಂದು ಬಾಟಲಿ ರಕ್ತದಲ್ಲೂ 200–250 ಮಿಲಿಗ್ರಾಂ ಕಬ್ಬಿಣ ದೇಹ ಸೇರುತ್ತದೆ. ಪದೇ ಪದೇ ಏರಿಸುತ್ತಿದ್ದರೆ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ನೋಡಿಸಬೇಕಾಗುತ್ತದೆ. ಪುಂಡಿಪಲ್ಯ, ರೊಟ್ಟಿ ಸುಮ್ನೆ ಊಟವಾಗಿ ತಿನ್ನಲಿ, ಔಷಧ ಅಂತ ಅಲ್ಲ.

ಒಂದು ಬಾಟಲಿ ರಕ್ತಕ್ಕೆ ಎಚ್‌ಬಿ ಸುಮಾರು 1 ಗ್ರಾಂ ಏರುತ್ತದೆ. ರಕ್ತ ಏರಿಸುವ ಮೊದಲ 15 ನಿಮಿಷ ಪಕ್ಕದಿಂದ ಏಳಬೇಡಿ. ಚಳಿ, ಬೆನ್ನುನೋವು, ಉಸಿರು ಕಟ್ಟಿದಂತಾದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ಹಿಂದೆ ಫ್ಲುಡಾರಬಿನ್ ಅಥವಾ ಬೆಂಡಮುಸ್ಟಿನ್ ಅನ್ನೋ ಕೀಮೋ ಮದ್ದು ತಗೊಂಡಿದ್ದರೆ ಇರೇಡಿಯೇಟ್ ಮಾಡಿದ (ವಿಕಿರಣ ಹಾಯಿಸಿದ) ರಕ್ತ ಬೇಕಾಗಬಹುದು. ಬ್ಲಡ್ ಬ್ಯಾಂಕಿಗೆ ಹೋಗುವ ಮುಂಚೆಯೇ ಡಾಕ್ಟರಿಗೆ ನೆನಪಿಸಿ. ಜೇವರ್ಗಿ, ಆಳಂದದಿಂದ ರಕ್ತ ಕೊಡಲು ಬರುವ ನೆಂಟರಿಗೆ ಹೊಟ್ಟೆ ತುಂಬ ಊಟ ಮಾಡಿಯೇ ಬನ್ನಿ ಅಂತ ಹೇಳಿ. ಉಪವಾಸ ಬಂದು ತಲೆ ತಿರುಗಿಸಿಕೊಳ್ಳುವವರೇ ಜಾಸ್ತಿ.

ಪ್ಯೂರ್ ರೆಡ್ ಸೆಲ್ ಅಪ್ಲೇಸಿಯಾಕ್ಕೆ ಔಷಧದಲ್ಲಿ ಸಾಮಾನ್ಯವಾಗಿ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್, ಸೈಕ್ಲೋಸ್ಪೊರಿನ್, ಕೆಲವರಿಗೆ ರಿಟುಕ್ಸಿಮ್ಯಾಬ್. ಸ್ಟೀರಾಯ್ಡ್ ಅಂದ ಕೂಡಲೇ ಹೆದರಿ ಅರ್ಧಕ್ಕೆ ನಿಲ್ಲಿಸಬಾರದು. ಶುಗರ್ ಮಾತ್ರ ನೋಡಿಸುತ್ತಿರಿ. ಸೈಕ್ಲೋಸ್ಪೊರಿನ್ ಇದ್ದರೆ ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಲೆಕ್ಕ ಬೇಕು. ಅದರ ಲೆವೆಲ್ ನೋಡಲು ರಕ್ತ ಕೊಡುವ ದಿನ ಬೆಳಗಿನ ಮಾತ್ರೆ ರಕ್ತ ಕೊಟ್ಟ ಮೇಲೆಯೇ. ರಿಟುಕ್ಸಿಮ್ಯಾಬ್‌ಗೆ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಆಗಿರಲೇಬೇಕು. ಮದ್ದು ಹಿಡಿದರೆ ಎಚ್‌ಬಿಗಿಂತ ಮೊದಲು ರೆಟಿಕ್ ಏರುತ್ತದೆ, ಅದಕ್ಕೇ ಎರಡನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ತಾರೀಖಿನ ಜೊತೆ ಬರೆದಿಡಿ.

ಈ ಮದ್ದುಗಳಿಂದ ಸೋಂಕು ಬೇಗ ಹಿಡಿಯುತ್ತದೆ. ಜ್ವರ 100.4 ದಾಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕೂರಬೇಡಿ. ಫೈಲ್ ತಗೊಂಡು ರಾತ್ರಿಯೇ ಆಸ್ಪತ್ರೆಗೆ ಹೊರಡಿ.