ಹೊಸ ಲೈಬ್ರರಿ ಬರಲಿಲ್ಲ ಅಂತ ಇಡೀ ಫೋಲ್ಡರ್ ಅಳಿಸಬೇಡಿ

ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ತಂಡ ಬೆಂಗಳೂರಿನಲ್ಲಿದೆ, ನಾನು ಕೆಲಸಕ್ಕೆ ಕೂರುವುದು ಜಗಲಿಯಲ್ಲಿ. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಒಟ್ಟಿಗೆ ಇರುವ ಹೊತ್ತು ಕಡಿಮೆ. ಹಾಗಾಗಿ ಮೇವನ್ (ಲೈಬ್ರರಿಗಳನ್ನು, ಅಂದರೆ ಸಿದ್ಧ ಕೋಡನ್ನು, ನೆಟ್‌ನಿಂದ ತಂದು ಜಾವಾ ಪ್ರೋಗ್ರಾಮ್ ಬಿಲ್ಡ್ ಮಾಡುವ, ಅಂದರೆ ಕಟ್ಟಿಕೊಡುವ ಸಾಧನ) ಯಾವಾಗ ಏನನ್ನು ಡೌನ್‌ಲೋಡ್ ಮಾಡುತ್ತದೆ, ಯಾವಾಗ ಮಾಡುವುದಿಲ್ಲ ಅನ್ನುವುದನ್ನು ನಾನು ಗಮನವಿಟ್ಟು ಕಲಿಯಲೇಬೇಕಾಯಿತು.

ಆಷಾಢದ ಒಂದು ಮಧ್ಯಾಹ್ನ. ಮಳೆ ಸ್ವಲ್ಪ ಹೊಳವಾಗಿತ್ತು. ಅಪ್ಪಯ್ಯ ಅಡಿಕೆಗೆ ಕೊಳೆ ಔಷಧಿ ಹೊಡೆಸಲು ತೋಟಕ್ಕೆ ಇಳಿದಿದ್ದರು. ಆಗ ತಂಡದ ಗೆಳೆಯ ಫೋನ್ ಮಾಡಿದ. "ಬಿಲ್ ಲೆಕ್ಕದ ಲೈಬ್ರರಿಗೆ ಹೊಸ ಮೆಥಡ್ ಸೇರಿಸಿದ್ದೇನೆ. 2.4.0 ಸ್ನ್ಯಾಪ್‌ಶಾಟ್ ಸರ್ವರ್‌ನಲ್ಲಿದೆ, ತಗೋ" ಅಂದ. ಬಿಲ್ಡ್ ಓಡಿಸಿದೆ. ಅಂಥ ಮೆಥಡ್ಡೇ ಇಲ್ಲ ಅಂತ ಎರರ್ ಬಂತು. ಮತ್ತೆ ಓಡಿಸಿದೆ, ಅದೇ ಎರರ್. "ನನ್ನ ಹತ್ತಿರ ಸರಿಯಾಗಿ ಬರ್ತಿದೆ ಅಲ್ವಾ" ಅಂತ ಅವನು.

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಮದ್ದು ಒಂದೇ: ಮೇವನ್ ಇಳಿಸಿಕೊಂಡದ್ದನ್ನೆಲ್ಲ ಇಡುವ ಡಾಟ್ ಎಂ2 ಫೋಲ್ಡರ್ ಅಳಿಸಿ ಬಿಡು. ಅದರ ಹಿಂದಿನ ವರ್ಷ ನಾನು ಹಾಗೇ ಮಾಡಿದ್ದೆ. ಲೈಬ್ರರಿಗಳ ಜೊತೆಗೆ ಮೇವನ್‌ನ ಪ್ಲಗಿನ್‌ಗಳೂ ಆ ಫೋಲ್ಡರ್ ಒಳಗೇ ಇರುತ್ತವೆ. ಮೇವನ್‌ನ ಒಂದೊಂದು ಕೆಲಸ ಮಾಡುವುದು ಆ ಪ್ಲಗಿನ್‌ಗಳೇ. ಅವಿಲ್ಲದೆ ಹಳೆ ಬಿಲ್ಡ್ ಅಳಿಸುವ 'ಕ್ಲೀನ್' ಕೂಡ ಓಡುವುದಿಲ್ಲ. ನಮ್ಮ ನೆಟ್‌ನಲ್ಲಿ ಎಲ್ಲ ಮತ್ತೆ ಇಳಿಸಿಕೊಳ್ಳಲು ಎರಡು ದಿನ ಹೋಯಿತು. ಬೆಂಗಳೂರಿನವರಿಗೆ ಅದು ಹತ್ತು ನಿಮಿಷದ ಕೆಲಸ ಇರಬಹುದು. ನಮಗಲ್ಲ.

ಈ ಸಲ ಕೂತು ಓದಿ ನೋಡಿದೆ. ಸ್ನ್ಯಾಪ್‌ಶಾಟ್ ಅಂದರೆ ಇನ್ನೂ ಬದಲಾಗುತ್ತಿರುವ ಆವೃತ್ತಿ. ಹೆಸರು ಅದೇ ಇರುತ್ತದೆ, ಒಳಗಿನ ಜಾರ್ (ಲೈಬ್ರರಿಯ ಕೋಡ್ ಇರುವ ಫೈಲ್) ಮಾತ್ರ ಬೇರೆಯಾಗುತ್ತದೆ. ಹೊಸದು ಬಂದಿದೆಯಾ ಅಂತ ಮೇವನ್ ಸರ್ವರ್ ಬಳಿ ಕೇಳುವುದು ದಿನಕ್ಕೆ ಒಂದೇ ಸಲ. ನಾವು ಬೇರೆ ಹೇಳದಿದ್ದರೆ ಇದೇ ನಿಯಮ. ನಾನು ಬೆಳಿಗ್ಗೆಯೇ ಒಂದು ಬಿಲ್ಡ್ ಓಡಿಸಿದ್ದೆ. ಅವನು ಹಾಕಿದ್ದು ಮಧ್ಯಾಹ್ನ. ಆ ದಿನದ ಪ್ರಶ್ನೆ ಬೆಳಿಗ್ಗೆಯೇ ಮುಗಿದು ಹೋಗಿತ್ತು.

ಆಜ್ಞೆಗೆ ಒಂದು ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ದೊಡ್ಡಕ್ಷರದ ಯು ಸೇರಿಸಿ ಓಡಿಸಿದೆ. ಈಗಲೇ ಕೇಳು ಅಂತ ಅದರ ಅರ್ಥ. ಬದಲಾದ ಜಾರ್ ಮಾತ್ರ ಬಂತು. ಖಾತ್ರಿಗೆ ಆ ಆವೃತ್ತಿಯ ಫೋಲ್ಡರ್ ತೆರೆದು ನೋಡಿದೆ. ಹೊಸ ಜಾರ್‌ನ ಹೆಸರಿನಲ್ಲಿ ತಾರೀಕಿನ ಮುಂದೆ 073012 ಅಂತ ಇತ್ತು. ಏಳೂವರೆಗೆ ಹಾಕಿದ್ದಾ ಅಂತ ಗೊಂದಲ ಬೇಡ. ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಮಧ್ಯಾಹ್ನ 1 ಗಂಟೆ. ಅವನು ಫೋನ್ ಮಾಡಿದ ಹೊತ್ತಿಗೆ ಸರಿಯಾಗಿ ಹೊಂದುತ್ತದೆ.

ಇನ್ನೊಂದು ಸಲ ಯು ಹಾಕಿದರೂ ಹಳೆಯದೇ ಬಂತು. ಆಗ ತಪ್ಪು ನನ್ನದೇ. ಲೈಬ್ರರಿಯ ಹಳೆ ಬ್ರಾಂಚ್ (ಕೋಡಿನ ಕವಲು) ತೆರೆದು, ಏನೋ ನೋಡಲು 'ಇನ್‌ಸ್ಟಾಲ್' ಕೊಟ್ಟಿದ್ದೆ. ಹಾಗೆ ಕೊಟ್ಟಾಗ ನಮ್ಮ ಮಷೀನಿನಲ್ಲಿ ತಯಾರಾದ ಜಾರ್ ಡಾಟ್ ಎಂ2 ಒಳಗೆ ಸೇರುತ್ತದೆ. ಅದರ ಸಮಯ ಸರ್ವರ್‌ನಲ್ಲಿರುವುದಕ್ಕಿಂತ ಈಚಿನದಾದರೆ ಮೇವನ್ ಅದನ್ನೇ ಹೊಸದು ಅಂದುಕೊಳ್ಳುತ್ತದೆ. ಆ ಒಂದು ಆವೃತ್ತಿಯ ಫೋಲ್ಡರ್ ಅಷ್ಟೇ ಅಳಿಸಿ, ಮತ್ತೆ ಯು ಹಾಕಿ ಓಡಿಸಿದೆ. ಸರಿಹೋಯಿತು.

ಲೈಬ್ರರಿ ಸರ್ವರ್‌ಗೆ ಬರುವ ಮೊದಲೇ ನಾವು ಬಿಲ್ಡ್ ಓಡಿಸಿದರೂ ತೊಂದರೆ. 'ಸಿಗಲಿಲ್ಲ' ಅನ್ನುವುದನ್ನೂ ಮೇವನ್ ಬರೆದಿಟ್ಟುಕೊಂಡು, ಆ ದಿನದ ಮಟ್ಟಿಗೆ ಮತ್ತೆ ಕೇಳುವುದನ್ನೇ ಬಿಡುತ್ತದೆ. ಇದಕ್ಕೂ ಯು ಸಾಕು.

ನನಗೆ ನಿಜವಾಗಿ ಬೇಸರ ತರಿಸಿದ್ದು ಬಿಡುಗಡೆಯಾದ ಆವೃತ್ತಿಯ ವಿಷಯ. ಗೆಳೆಯ 2.4.0 ಬಿಡುಗಡೆ ಮಾಡಿದ. ಒಂದು ತಪ್ಪು ಕಂಡಿತು. ತಿದ್ದಿ, ಅದೇ ನಂಬರಿನಲ್ಲಿ ನಮ್ಮ ಒಳಗಿನ ಸರ್ವರ್‌ಗೆ ಮತ್ತೆ ಹಾಕಿದ. ಸ್ನ್ಯಾಪ್‌ಶಾಟ್ ಅಲ್ಲದ ಆವೃತ್ತಿ ಒಮ್ಮೆ ಬಂದ ಮೇಲೆ ಬದಲಾಗುವುದಿಲ್ಲ ಅಂತ ಮೇವನ್ ನಂಬುತ್ತದೆ. ಎಷ್ಟು ಸಲ ಯು ಹಾಕಿದರೂ ಅದನ್ನು ಮತ್ತೆ ತರುವುದಿಲ್ಲ. ಎಲ್ಲರೂ ಬಳಸುವ ಸಾರ್ವಜನಿಕ ಸರ್ವರ್ ಆದ ಮೇವನ್ ಸೆಂಟ್ರಲ್‌ನಲ್ಲಿ ಹೀಗೆ ಮೇಲೆ ಬರೆಯಲು ಬಿಡುವುದೇ ಇಲ್ಲ. ಅದು ಸರಿ ಕೂಡ. ಒಂದೇ ನಂಬರ್, ನಾಲ್ಕು ಮಷೀನಿನಲ್ಲಿ ಎರಡು ಬೇರೆ ಜಾರ್ ಇದ್ದರೆ ಬಗ್ ಹುಡುಕುವುದು ಹೇಗೆ? "ಇನ್ನು 2.4.0 ಮುಟ್ಟಬೇಡ, 2.4.1 ಮಾಡು" ಅಂತ ಅವನಿಗೆ ಖಡಾಖಂಡಿತವಾಗಿ ಹೇಳಿದೆ. ಅವನು ಒಪ್ಪಿದ. ಈಗ ಇಡೀ ತಂಡ ಹಾಗೇ ಮಾಡುತ್ತದೆ.

ನಮ್ಮ ಇನ್ನೊಂದು ಪ್ರಾಜೆಕ್ಟ್ ಮೇವನ್ ಥರದ್ದೇ ಸಾಧನವಾದ ಗ್ರೇಡಲ್‌ನಲ್ಲಿದೆ. ಅಲ್ಲಿ ಬದಲಾಗುವ ಆವೃತ್ತಿಗಳನ್ನು 24 ಗಂಟೆ ಹಾಗೇ ಇಟ್ಟುಕೊಳ್ಳುತ್ತದೆ. 'ರಿಫ್ರೆಶ್ ಡಿಪೆಂಡೆನ್ಸೀಸ್' ಅನ್ನುವ ಆಯ್ಕೆ ಕೊಟ್ಟರೆ ಮತ್ತೆ ಕೇಳುತ್ತದೆ. ಎಲ್ಲವನ್ನೂ ಸುಮ್ನೆ ಇಳಿಸುವುದಿಲ್ಲ. ಸರ್ವರ್‌ನ ಚೆಕ್‌ಸಮ್ (ಫೈಲ್ ಅದೇನಾ ಅಂತ ತಿಳಿಸುವ ಗುರುತು) ನಮ್ಮಲ್ಲಿರುವುದಕ್ಕೆ ಹೊಂದಿದರೆ ಇರುವುದನ್ನೇ ಬಳಸುತ್ತದೆ. ನಮ್ಮಂಥ ನೆಟ್‌ಗೆ ಇದು ದೊಡ್ಡ ಉಪಕಾರ.

ಪ್ರತಿ ಬಿಲ್ಡ್‌ನಲ್ಲೂ ಕೇಳು ಅಂತ ಸೆಟ್ಟಿಂಗ್ ಮಾಡಬಹುದು. ನಾನು ಮಾಡಿಲ್ಲ. ಪ್ರತಿ ಸಲ ಸರ್ವರ್‌ಗೆ ಹೋಗಿ ಬರುವಷ್ಟು ನೆಟ್ ಇಲ್ಲಿಲ್ಲ. ರಾತ್ರಿ ಹತ್ತರ ಮೇಲೆ ನೆಟ್ ಸ್ವಲ್ಪ ಚೆನ್ನಾಗಿರುತ್ತದೆ. ಮಲಗುವ ಮೊದಲು ಒಂದು ಸಲ ಯು ಹಾಕಿ ಬಿಲ್ಡ್ ಓಡಿಸಿಡುತ್ತೇನೆ. ಬೆಳಿಗ್ಗೆ ನೆಟ್ ಇಲ್ಲದಿದ್ದರೆ ಸಣ್ಣಕ್ಷರದ ಓ ಆಯ್ಕೆ ಕೊಟ್ಟು ಆಫ್‌ಲೈನ್‌ನಲ್ಲೇ ಕೆಲಸ ಶುರುಮಾಡುತ್ತೇನೆ.