ಇಜಿಯು ಸಮ್ಮೇಳನ: ಪೋಸ್ಟರ್ ಮುಂದೆ ನಿಂತವರಿಗೆ ಸಿಗುವುದು

ಭೂವಿಜ್ಞಾನದವರಿಗೆ ವಿಯೆನ್ನಾದಲ್ಲಿ ವರ್ಷಕ್ಕೊಮ್ಮೆ ನಡೆಯುವ ಇಜಿಯು (ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್) ಸಮ್ಮೇಳನ ದೊಡ್ಡ ಸಂತೆ. ಬರೀ ಭಾಷಣ ಕೇಳಲು ಅಷ್ಟು ದೂರ ಹೋಗುವುದು ದುಡ್ಡು ದಂಡ. ನಾನು ಹೋಗುವುದು ಪೋಸ್ಟರ್ ಹಾಕಲು, ಅಂದರೆ ಸಂಶೋಧನೆಯನ್ನು ಒಂದೇ ದೊಡ್ಡ ಹಾಳೆಯಲ್ಲಿ ಮುದ್ರಿಸಿ ಬೋರ್ಡಿಗೆ ಹಚ್ಚಿ ಅದರ ಮುಂದೆ ನಿಲ್ಲಲು. ವೇದಿಕೆ ಮೇಲೆ ಮಾತಾಡಿದರೆ ಸಿಗುವುದು ಹತ್ತು ನಿಮಿಷದ ಆಸುಪಾಸು, ಪ್ರಶ್ನೆ ಒಂದೋ ಎರಡೋ. ಪೋಸ್ಟರ್ ಮುಂದೆ ಒಬ್ಬರೇ ಅರ್ಧ ಗಂಟೆ ನಿಂತು ಜಗ್ಗಾಡುತ್ತಾರೆ.

ಕೊಡಗಿನ 2018ರ ಭೂಕುಸಿತಗಳ ಪೋಸ್ಟರ್ ಅಂತಿಟ್ಟುಕೊಳ್ಳಿ. ಮಳೆಗೂ ಕುಸಿತಕ್ಕೂ ಇರುವ ನಂಟಿನ ಗ್ರಾಫ್‌ನಲ್ಲಿ ಒಂದು ಚುಕ್ಕೆ ಗೆರೆ ಬಿಟ್ಟು ದೂರ ಬಿದ್ದಿರುತ್ತದೆ. ಬಲ್ಲವರು ನೇರ ಅದರ ಮೇಲೆ ಬೆರಳಿಟ್ಟು, ಮಳೆಮಾಪಕ ಎಷ್ಟು ದೂರದಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು ಎಂದು ಕೇಳುತ್ತಾರೆ. ಉಪಗ್ರಹಗಳಿಂದ ಮಳೆ ಅಂದಾಜಿಸುವ ನಾಸಾದ ಐಮರ್ಗ್ ದತ್ತಾಂಶದಲ್ಲಿ ಒಂದು ಚೌಕದ ಬದಿಯೇ ಸುಮಾರು 11 ಕಿ.ಮೀ.; ಘಟ್ಟದ ಏಣಿನ ಜಡಿಮಳೆ ಅದರ ಸರಾಸರಿಯಲ್ಲಿ ಕರಗಿಹೋಗುತ್ತದೆ. ಆಲ್ಪ್ಸ್‌ನಲ್ಲಿ ಕೆಲಸ ಮಾಡುವವರು ಇದನ್ನು ಹೇಗೆ ತಿದ್ದಿಕೊಳ್ಳುತ್ತಾರೆ, ಯಾವ ದಾರಿ ಕೈಕೊಟ್ಟಿತು ಎಂಬುದೆಲ್ಲ ಆಗ ಬಾಯಿಗೆ ಬರುತ್ತದೆ. ಕೈಕೊಟ್ಟದ್ದನ್ನು ಪ್ರಬಂಧದಲ್ಲಿ ಬರೆಯುವವರು ತೀರಾ ಕಮ್ಮಿ. 2020ರಲ್ಲಿ ಕೊರೊನಾದಿಂದ ಸಮ್ಮೇಳನ ಆನ್‌ಲೈನ್ ಆಗಿ, ಚರ್ಚೆ ಚಾಟ್ ಪೆಟ್ಟಿಗೆಗೆ ಇಳಿದಾಗ ತಪ್ಪಿಹೋದದ್ದು ಇದೇ.

ಇಜಿಯು ಬೋರ್ಡು ಅಡ್ಡಕ್ಕೆ 197 ಸೆಂ.ಮೀ., ಎತ್ತರ 100. ಎ0 ಹಾಳೆಯನ್ನು ಉದ್ದಕ್ಕೆ ಮುದ್ರಿಸಿದರೆ 118.9 ಸೆಂ.ಮೀ. ಆಗಿ ಕೆಳಗೆ ಜೋತು ಬೀಳುತ್ತದೆ, ಅಡ್ಡಕ್ಕೇ ಮುದ್ರಿಸಿ. ಬಟ್ಟೆ ಮೇಲೆ ಹಾಕಿಸಿದರೆ ಮಡಚಿ ಕೈಚೀಲದಲ್ಲೇ ಒಯ್ಯಬಹುದು, ಕೊಳವೆ ಹೊತ್ತು ತಿರುಗುವ ಕಾಟವಿಲ್ಲ. ಅಕ್ಷರ 24 ಪಾಯಿಂಟ್‌ಗಿಂತ ಚಿಕ್ಕದು ಬೇಡ. ಮುಖ್ಯ ಗ್ರಾಫ್ ಕಣ್ಣಿನ ಮಟ್ಟದಲ್ಲಿರಲಿ. ಬುಡದಲ್ಲಿ ಹಾಕಿದ್ದನ್ನು ಯಾರೂ ಬಗ್ಗಿ ನೋಡುವುದಿಲ್ಲ.

ಸುಮ್ಮನೆ ನಿಂತರೆ ಬೇಕಾದವರು ಬರುವುದಿಲ್ಲ. ಎರಡು ವಾರ ಮುಂಚೆ ಐದಾರು ಜನರಿಗೆ ನಾಲ್ಕು ಸಾಲಿನ ಮೇಲ್ ಹಾಕುತ್ತೇನೆ: ಬೋರ್ಡ್ ಸಂಖ್ಯೆ, ಹೊತ್ತು, ಅವರ ಯಾವ ಪ್ರಬಂಧದ ಬಗ್ಗೆ ನನಗೆ ಏನು ಕೇಳಬೇಕಿದೆ. ಪ್ರಶ್ನೆ ಖಚಿತವಾಗಿದ್ದರೆ ಬರುತ್ತಾರೆ, ‘ತಮ್ಮನ್ನು ಭೇಟಿಯಾಗುವಾಸೆ’ ಎಂದರೆ ಉತ್ತರವೂ ಇಲ್ಲ. ಮಾತಾಡಿದ್ದನ್ನು ಅದೇ ರಾತ್ರಿ ಬರೆದಿಟ್ಟು, ಒಂದು ವಾರದೊಳಗೆ ಅವರು ಕೇಳಿದ ಗ್ರಾಫ್ ಕಳಿಸಬೇಕು. ತಡವಾದರೆ ಮುಖವೇ ಮರೆತಿರುತ್ತಾರೆ.

ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ನಿಯಮದಂತೆ 15 ದಿನ, ಎಳೆದರೆ 45. ಸಮ್ಮೇಳನಕ್ಕೆ ಕಳಿಸಿದ ಸಾರಾಂಶ ಒಪ್ಪಿತವಾದ ದಿನವೇ ವೀಸಾ ಅರ್ಜಿಯ ಸ್ಲಾಟ್ ಹುಡುಕಿ. ಕನಿಷ್ಠ 30,000 ಯೂರೋವರೆಗಿನ ವೆಚ್ಚ ಭರಿಸುವ ಪ್ರಯಾಣದ ವೈದ್ಯಕೀಯ ವಿಮೆ ಕಡ್ಡಾಯ. ಬೋರ್ಡಿಂಗ್ ಪಾಸ್ ಎಸೆಯಬೇಡಿ, ಪ್ರಯಾಣ ಅನುದಾನದ ಮರುಪಾವತಿಗೆ ಸಾಮಾನ್ಯವಾಗಿ ಅದನ್ನೇ ಕೇಳುತ್ತಾರೆ.