ರಾಗಿಯನ್ನು ಕಳಿಸಿಕೊಟ್ಟ ಮೇಲೆ

ಬೆಂಗಳೂರಿನ ಗಿರಿನಗರದ ನಮ್ಮ ಮನೆಯಲ್ಲಿ ಆರು ವರ್ಷದಲ್ಲಿ ಹನ್ನೊಂದು ನಾಯಿಗಳು ಇದ್ದು ಹೋಗಿವೆ. ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡವು, ತಾಯಿ ಸತ್ತ ಮರಿಗಳು, ಮನೆ ಬದಲಿಸುವಾಗ ಯಾರೋ ಬಿಟ್ಟುಹೋದವು. ಹುಷಾರಾಗಿ ಒಳ್ಳೆ ಮನೆ ಸಿಗುವ ತನಕ ನಮ್ಮಲ್ಲಿ ಇರುತ್ತವೆ. ಇದಕ್ಕೆ ಫಾಸ್ಟರ್ ಮಾಡೋದು ಅಂತಾರೆ. 'ಕಳಿಸೋವಾಗ ಬೇಜಾರಾಗಲ್ವಾ?' ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತೆ. ಹನ್ನೊಂದು ಸಲವೂ ಆಗಿದೆ.

ರಾಗಿ ಬಂದದ್ದು ಎರಡು ವರ್ಷದ ಹಿಂದೆ, ಆಷಾಢದ ಗಾಳಿಯಲ್ಲಿ. ಎಂಟು ತಿಂಗಳ ಹೆಣ್ಣು, ರಾಗಿ ಕಾಳಿನದೇ ಬಣ್ಣ. ಮೈಸೂರು ರಸ್ತೆಯಲ್ಲಿ ಗಾಡಿ ಹೊಡೆದು ಹಿಂಗಾಲಿನ ಮೂಳೆ ಮುರಿದಿತ್ತು. ಡಾಕ್ಟ್ರು ರಾಡ್ ಹಾಕಿ, ಆರು ವಾರ ಓಡೋಕೆ ಬಿಡಬೇಡಿ ಅಂದರು. ಜೊತೆಗೆ ಉಣ್ಣಿ ಕಚ್ಚಿ ಬರುವ ಜ್ವರ. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ. ಮಾತ್ರೆಯನ್ನು ಏಲಕ್ಕಿ ಬಾಳೆಹಣ್ಣಿನಲ್ಲಿ ಮುಚ್ಚಿ ಕೊಡುತ್ತಿದ್ದೆ. ಆ ಹೊತ್ತಿಗೆ ಮಾತ್ರ ಮೊಸರನ್ನ ಹಾಕುತ್ತಿರಲಿಲ್ಲ, ಹಾಲು ಮೊಸರಿನ ಜೊತೆ ಆ ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಅವಳಿಗೆ ಕುಕ್ಕರ್ ಅಂದರೆ ಜೀವಭಯ. ಮೊದಲ ವಿಸಲ್‌ಗೇ ಮೂರು ಕಾಲಲ್ಲಿ ಕುಂಟುತ್ತಾ ಬಚ್ಚಲುಮನೆಗೆ ಹೋಗಿ ಬಕೆಟ್ ಹಿಂದೆ ಕೂರುವಳು. ನಾನೂ ಅಲ್ಲೇ ಒದ್ದೆ ನೆಲದ ಮೇಲೆ ಕೂತು ಬೆನ್ನು ಸವರುತ್ತಿದ್ದೆ. ಸುಮಾರು ಒಂದು ತಿಂಗಳಾದ ಮೇಲೆ ಒಂದು ದಿನ, ವಿಸಲ್ ಆಯಿತು, ಅವಳು ಓಡಲಿಲ್ಲ. ಅಡುಗೆಮನೆ ಹೊಸ್ತಿಲಿಗೆ ಗದ್ದ ಊರಿ, ಕಿವಿ ಮಾತ್ರ ಹಿಂದಕ್ಕೆ ಮಾಡಿಕೊಂಡು ಮಲಗಿದ್ದಳು. ಮೂರು ವಿಸಲ್ ಆದರೆ ಅನ್ನ ಬರುತ್ತೆ ಅಂತ ಲೆಕ್ಕ ಸಿಕ್ಕಿತ್ತು. ಅವತ್ತು ನನಗೆ ಅಳು ಬಂತು. ಇನ್ನು ಇವಳನ್ನು ಕಳಿಸಬಹುದು ಅಂತ ಗೊತ್ತಾದ ದಿನವೂ ಅದೇ.

ಆದರೆ ಕಳಿಸಲಿಲ್ಲ. ಮಲ್ಲೇಶ್ವರದಿಂದ ಒಂದು ಕುಟುಂಬ ಬಂತು. ಬಾಲ್ಕನಿಗೆ ಜಾಲರಿ ಇಲ್ಲ ಅಂದೆ. ಜಾಲರಿ ಹಾಕಿಸೋದು ಒಂದು ದಿನದ ಕೆಲಸ. ಯಲಹಂಕದಿಂದ ಗಂಡ ಹೆಂಡತಿ ಬಂದರು. ಇಬ್ಬರೂ ಕೆಲಸಕ್ಕೆ ಹೋಗ್ತಾರೆ ಅಂದೆ. ಅವರ ಅಮ್ಮ ಮನೆಯಲ್ಲೇ ಇರುತ್ತಿದ್ದರು. ಕೊನೆಗೆ ನಮ್ಮ ಯಜಮಾನರು ಕೇಳಿದರು, 'ನೀನು ಮನೆ ಹುಡುಕ್ತಾ ಇದೀಯಾ, ತಪ್ಪು ಹುಡುಕ್ತಾ ಇದೀಯಾ?' ಅದೇ ವಾರ ಹೊಸಕೆರೆಹಳ್ಳಿ ಕಡೆಯಿಂದ ಫೋನು, ಮಳೆಯಲ್ಲಿ ಎರಡು ಮರಿ ಸಿಕ್ಕಿವೆ, ಇಟ್ಟುಕೊಳ್ತೀರಾ ಅಂತ. ಜಾಗ ಇಲ್ಲ ಅಂದೆ. ಬೇರೆ ಯಾರೋ ಒಯ್ದರಂತೆ, ಆದರೂ ಆ ಮಾತು ಇವತ್ತಿಗೂ ಚುಚ್ಚುತ್ತದೆ. ಪ್ರೀತಿ ಅಂದುಕೊಂಡು ನಾನು ಬಾಗಿಲು ಹಾಕಿ ಕೂತಿದ್ದೆ.

ಅತ್ತೆ ಸಮಾಧಾನ ಹೇಳುತ್ತಿದ್ದರು, 'ಮಗಳನ್ನ ಗಂಡನ ಮನೆಗೆ ಕಳಿಸಲ್ವೇನಮ್ಮಾ, ಹಾಗೇ ಅಂದುಕೋ.' ನನಗೆ ಅದು ಒಪ್ಪಿಗೆಯಾಗಲಿಲ್ಲ. ಮಗಳಿಗೆ ಎಲ್ಲಿಗೆ ಹೋಗ್ತಿದೀನಿ ಅಂತ ಗೊತ್ತಿರುತ್ತೆ, ಗೌರಿ ಹಬ್ಬಕ್ಕೆ ಬರ್ತಾಳೆ. ನಾಯಿಗೆ ಏನಂತ ಹೇಳೋದು? ಇನ್ನೊಂದು ಸಲ ಬಿಟ್ಟುಹೋದರು ಅಂತಲೇ ಅದಕ್ಕೆ ಅನ್ನಿಸುತ್ತೇನೋ. ನನ್ನ ನಿಜವಾದ ಸಂಕಟ ಇದೇ.

ಹಾಗಾಗಿ ಕಳಿಸುವ ರೀತಿಯನ್ನೇ ಬದಲಾಯಿಸಿಕೊಂಡೆ. ಕೆಂಗೇರಿಯ ನಿವೃತ್ತ ಮೇಷ್ಟ್ರ ದಂಪತಿ ರಾಗಿಯನ್ನು ಒಪ್ಪಿದಾಗ, ಮೊದಲು ಅವರೇ ನಮ್ಮನೆಗೆ ಬಂದು ಅವಳನ್ನು ವಾಕಿಂಗ್ ಕರೆದೊಯ್ದರು. ಆಮೇಲೆ ನಾವು ಅಲ್ಲಿಗೆ ಹೋಗಿ ಒಂದು ಸಂಜೆ ಕೂತು ವಾಪಸ್ ಕರೆತಂದೆವು. ಮೂರನೇ ಸಲ ಬಿಟ್ಟು ಬಂದೆವು. ಅವಳು ಮಲಗುತ್ತಿದ್ದ ನನ್ನ ಹಳೇ ಕಾಟನ್ ಸೀರೆಯನ್ನು ಒಗೆಯದೆ, ವಾಸನೆ ಸಮೇತ ಕೊಟ್ಟೆ. ಊಟದ ಹೊತ್ತು, ಲಸಿಕೆ ಚೀಟಿ, ಕುಕ್ಕರ್ ವಿಷಯ ಎಲ್ಲಾ ಬರೆದುಕೊಟ್ಟೆ. ಗೇಟಿನ ಹತ್ತಿರ ತಬ್ಬಿಕೊಂಡು ಅಳಲಿಲ್ಲ. ನಾವು ಗಾಬರಿಯಾದರೆ ಅವಕ್ಕೂ ಗಾಬರಿ. ಅತ್ತದ್ದು ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ.

ನೋಡೋಕೂ ಹೋಗಲಿಲ್ಲ. ಹಿಂದೆ ಗುಂಡ ಅನ್ನೋ ನಾಯಿಯನ್ನು ಕಳಿಸಿ ಹತ್ತನೇ ದಿನಕ್ಕೇ ನೋಡಲು ಹೋಗಿದ್ದೆ. ನಾನು ಹೊರಟ ಮೇಲೆ ಎರಡು ದಿನ ಗೇಟಿನ ಹತ್ತಿರವೇ ಮಲಗಿ ಊಟ ಬಿಟ್ಟನಂತೆ. ನಾಯಿ ಹೊಸ ಮನೆಗೆ ಹಂತ ಹಂತವಾಗಿ ಒಗ್ಗಲು ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಈ ಕೆಲಸ ಮಾಡುವವರು ಹೇಳುವ ಲೆಕ್ಕ ಸುಮ್ಮನೆ ಬಂದದ್ದಲ್ಲ. ಈಗ ಮೂರು ತಿಂಗಳು ಫೋಟೋ ಮಾತ್ರ.

ಒಂದು ವಾರ ಅಡುಗೆಮನೆಗೆ ಹೋಗುವಾಗ ಹೊಸ್ತಿಲ ಹತ್ತಿರ ಕಾಲು ತಾನಾಗಿ ಅಗಲವಾಗಿ ದಾಟುತ್ತಿತ್ತು, ಅಲ್ಲಿ ಯಾರೂ ಇಲ್ಲದಿದ್ದರೂ. ಹೊಸ ಮರಿ ಬರುವ ಮುಂಚೆ ಹದಿನೈದು ದಿನ ಖಾಲಿ ಬಿಡಬೇಕು ಅಂತ ಕಲಿತದ್ದು ಅಲ್ಲೇ. ದುಃಖಕ್ಕೂ ಒಂದು ಸೂತಕ ಬೇಕು.

ಎರಡನೇ ತಿಂಗಳು ಮೇಷ್ಟ್ರ ಹೆಂಡತಿ ಫೋನ್ ಮಾಡಿದರು. 'ನೀವು ಬರೆದುಕೊಟ್ಟಿದ್ರಲ್ಲಾ, ಮೂರು ವಿಸಲ್ ಅಂತ. ನಾವು ಬೇಳೆಗೆ ನಾಲ್ಕು ಕೂಗಿಸ್ತೀವಿ ಕಣಮ್ಮಾ. ಮೊದಮೊದಲು ಮೂರಕ್ಕೇ ಎದ್ದು ನಿಲ್ಲೋಳು. ಈಗ ನಾಲ್ಕನೇದಕ್ಕೆ ಏಳ್ತಾಳೆ.'